ಮಲ್ಲಿಕಮ್ಮನಿಗೆ ಒಂದು ಹಗುರ ಲಿನಕ್ಸ್

ಒಲ್ಲೆ ಒಲ್ಲೆ ಎನ್ನುತ್ತಲೇ ನಡುವಿನ ಕುರ್ಚಿಯಲ್ಲಿ ಕುಳಿತಿರುವ ಅಧ್ಯಕ್ಷರಾದ ಅಂಬ್ರಪ್ಪನವರೇ, ಶಹಾಪುರದಿಂದ ಬಿಸಿಲಲ್ಲಿ ಬಂದಿರುವ ಮುಖ್ಯ ಅತಿಥಿ ಮೋನಮ್ಮ ಮೇಡಂ ಅವರೇ, ಚಹಾ ಯಾವಾಗ ಬರುತ್ತದೆ ಎಂದು ಬಾಗಿಲು ನೋಡುತ್ತಿರುವ ಸಭಿಕರೇ,

ಸುರಪುರದ ಈ ವಾಚನಾಲಯಕ್ಕೆ ಯಾವುದೋ ಕಚೇರಿ ಬೇಡವೆಂದು ಬಿಟ್ಟ ಹಳೆಯ ಕಂಪ್ಯೂಟರುಗಳು ಬಂದಿವೆ. ಅವುಗಳಿಗೆ ಲಿನಕ್ಸ್ ಹಾಕಿ ಜೀವ ಕೊಟ್ಟೆನೆಂದು ನನಗೆ ಶಾಲು ಹೊದಿಸಿದಿರಿ. ಈ ಸೆಕೆಯಲ್ಲಿ ಶಾಲು ಸನ್ಮಾನವೋ ಶಿಕ್ಷೆಯೋ, ಅಧ್ಯಕ್ಷರೇ ಹೇಳಬೇಕು. 'ದಿನಬಳಕೆಗೆ ಹಗುರವಾದ ಲಿನಕ್ಸ್ ಆರಿಸುವುದು ಹೇಗೆ, ಮೌನಪ್ಪ ಮಾಸ್ತರು ಹತ್ತು ನಿಮಿಷ ಹೇಳಲಿ' ಎಂದಿದ್ದಾರೆ. ನಾನು ಟೈಪಿಂಗ್ ಕಲಿಸಿ ಹೊಟ್ಟೆ ಹೊರೆದವನು. ಬೆರಳಿಗಿದ್ದ ಚುರುಕು ನಾಲಿಗೆಗಿಲ್ಲ. ಆದರೂ ಹೇಳುತ್ತೇನೆ.

ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶ. ಅದರಲ್ಲಿ ನೂರಾರು ಬಗೆ. ಕೆಲವು ಭಾರ, ಕೆಲವು ಹಗುರ. ಮುದಿ ಎತ್ತಿಗೆ ತುಂಬಿದ ಬಂಡಿ ಕಟ್ಟಬಾರದು, ಇಷ್ಟೇ ವಿದ್ಯೆ. ಇಷ್ಟು ಹೇಳಿ ಕುಳಿತುಕೊಳ್ಳಬಹುದಿತ್ತು. ಆದರೆ ಹಗುರ ಎಂದರೆ ಯಾರಿಗೆ ಹಗುರ? ಯಂತ್ರಕ್ಕೋ, ಅದರ ಮುಂದೆ ಕುಳಿತವರಿಗೋ? ಇದನ್ನು ಯಾರೂ ಕೇಳುವುದಿಲ್ಲ.

ನಾನು ಕೇಳಿಕೊಂಡದ್ದು ನನ್ನ ಹೆಂಡತಿ ಮಲ್ಲಿಕಮ್ಮನ ದೆಸೆಯಿಂದ. ನಿಮ್ಮಲ್ಲಿ ಅನೇಕರ ಅರ್ಜಿ ಟೈಪ್ ಮಾಡಿದವಳು ಅವಳು. ಕಾಲುವೆ ಬಂದ ಮೇಲೆ ಈ ಸೀಮೆಯಲ್ಲಿ ಭತ್ತಕ್ಕಿಂತ ಮೊದಲು ಬೆಳೆದದ್ದು ಅರ್ಜಿ. ಕಾಲುವೆಗೆ ಹೊಲ ಹೋದವರದೊಂದು, ನೀರು ಬಾರದವರದೊಂದು, ನೀರು ಹೆಚ್ಚಾಗಿ ಹೊಲ ಜವಳಾದವರದೊಂದು. ತಹಶೀಲ್ ಕಚೇರಿಯ ಎದುರು ಕುಳಿತು ಎಲ್ಲರ ಸಂಕಟವನ್ನೂ ಅವಳು ಕಾಗದಕ್ಕಿಳಿಸಿದಳು. "ಕಾಕಾ, ಸಿಟ್ಟು ಜರಾ ಕಮ್ಮಿ ಮಾಡಿ ಹೇಳ್ರಿ, ಸಾಹೇಬ್ರು ಓದಬೇಕಲ್ಲ" ಎನ್ನುತ್ತಿದ್ದಳು. ತನ್ನದೆಂದು ಒಂದು ಸಾಲು ಬರೆದವಳಲ್ಲ. ನಾನೂ ಕೇಳಿದವನಲ್ಲ.

ಆಮೇಲೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಬುದ್ಧಿ ಮಾತ್ರ ಹಾಗೆಯೇ ಇತ್ತು, ಅದೇ ದೊಡ್ಡ ಕಷ್ಟ. ಎಡಗೈಗೆ ಪೆನ್ನು ಕೊಟ್ಟೆ, ಅಕ್ಷರ ಕೂಡಲಿಲ್ಲ. ಕೀಬೋರ್ಡ್ ಕೊಟ್ಟೆ, ಬೆರಳು ತಾನೇ ಅಕ್ಷರ ಹುಡುಕಿತು. ಆದರೆ ನಮ್ಮ ಕಂಪ್ಯೂಟರು ಅವಳಿಗಿಂತ ಹಳೆಯ ರೋಗಿ. ಒತ್ತಿದ ಅಕ್ಷರ ತೆರೆಯ ಮೇಲೆ ಬರುವಷ್ಟರಲ್ಲಿ ಅವಳ ಕೈ ಸೋತು ತೊಡೆಯ ಮೇಲೆ ಬೀಳುತ್ತಿತ್ತು. ಹೊಸದು ತರುತ್ತೇನೆಂದರೆ ಕೀಬೋರ್ಡನ್ನು ಎದೆಗೆ ಅವುಚಿಕೊಂಡು ಬೇಡವೆಂದು ತಲೆಯಾಡಿಸಿದಳು.

ಹಾಗೆ ನಾನು ಹಗುರ ಲಿನಕ್ಸ್ ಹುಡುಕಲು ಹೊರಟೆ. ಮೊದಲು ಹಾಕಿದ್ದು ನೋಡಲು ಮದುವೆ ಹಂದರದಷ್ಟು ಚೆಂದ. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗಿ ಯಂತ್ರ ನಿಂತುಹೋಯಿತು. ಇನ್ನೊಂದು ಹಗುರವಿತ್ತು, ಕನ್ನಡ ಬರೆದರೆ ಬರೀ ಚೌಕಗಳು. ಯಾವುದನ್ನೇ ಆರಿಸಿ, ಮೊದಲು ನಾಲ್ಕು ಸಾಲು ಕನ್ನಡ ಬರೆದು ನೋಡಿ. ಮೂರನೆಯದು ಬಲು ಸಣ್ಣದು. ಪೆನ್‌ಡ್ರೈವಿನಿಂದ ಎದ್ದು, ಯಂತ್ರದ ತಾತ್ಕಾಲಿಕ ನೆನಪಿನಲ್ಲೇ ಓಡುವಂಥದ್ದು. ನಮ್ಮ ಹಾರ್ಡ್ ಡಿಸ್ಕು ಕೆಟ್ಟಿತ್ತು, ಅದೇ ಸರಿಯೆನಿಸಿತು. ಒತ್ತಿದ ಕೂಡಲೇ ಅಕ್ಷರ! ಮಲ್ಲಿಕಮ್ಮ ಅರ್ಧ ಮುಖದಲ್ಲಿ ನಕ್ಕಳು.

ಅದಕ್ಕೊಂದು ಗುಣವಿತ್ತು. ಬಂದ್ ಮಾಡುವಾಗ 'ಉಳಿಸು' ಎಂದರೆ ಉಳಿಸುತ್ತದೆ. ಹೇಳುವ ಮೊದಲೇ ಕರೆಂಟು ಹೋದರೆ ಅಂದು ಬರೆದದ್ದೆಲ್ಲ ಹೋದಂತೆಯೇ. ದಿನಾ ಸಂಜೆ ನಾನೇ ಉಳಿಸುತ್ತಿದ್ದೆ. 'ನೀರು', 'ಸೆಕೆ', 'ಉಪ್ಪು ಹೆಚ್ಚು', ಅವಳ ಮಾತು ಅಷ್ಟೇ. ಉಪ್ಪಿನ ಮಾತು ಮಾತ್ರ ಒಂದು ದಿನವೂ ತಪ್ಪಲಿಲ್ಲ, ಅಡುಗೆ ನನ್ನದಾಗಿತ್ತು.

ನಮ್ಮ ಮನೆಗೂ ಪಕ್ಕದ ಮನೆಗೂ ಒಂದೇ ಪಡಸಾಲೆ. ಎರಡೂ ಮನೆಯ ಮೇನ್ ಸ್ವಿಚ್ಚು ಅಲ್ಲಿನ ಒಂದೇ ಗೋಡೆಯ ಮೇಲೆ. ಒಮ್ಮೆ ಸಿಡಿಲಿಗೆ ಎರಡೂ ಮನೆಯ ಟೀವಿ ಸುಟ್ಟವು. ಅಂದಿನಿಂದ ಗುಡುಗಿದರೆ ಯಾರು ಮೊದಲು ಓಡುತ್ತಾರೋ ಅವರು ಎರಡೂ ಮೇನ್ ಇಳಿಸಬೇಕು, ಯಾರನ್ನೂ ಕೇಳಬೇಕಿಲ್ಲ ಎಂಬ ಪದ್ಧತಿ ಬಂತು. ಯಾವಾಗಲೂ ಮೊದಲು ಓಡುತ್ತಿದ್ದವರು ಪಕ್ಕದ ಮನೆಯವರೇ. ಹೆಸರು ಬೇಡ. ನಾನು ಈಗ ಹೇಳುವ ಸಂಗತಿ ಅವರಿಗೆ ಇಂದಿಗೂ ಗೊತ್ತಿಲ್ಲ.

ಒಂದು ಮಧ್ಯಾಹ್ನ ಔಷಧಿ ತರಲು ಹೋಗಿದ್ದೆ. ತೋಯಿಸಿಕೊಂಡು ಬಂದರೆ ಅವರು ಪಡಸಾಲೆಯಲ್ಲೇ ನಿಂತಿದ್ದರು. "ಗುಡುಗು ಭಾಳ ಆತ್ರಿ ಮಾಸ್ತರ. ನಿಮ್ಮದೂ ಇಳಿಸೀನಿ. ಟೀವಿ ಉಳೀತು ನೋಡ್ರಿ" ಎಂದರು. "ಚಲೋ ಮಾಡಿದ್ರಿ" ಎಂದೆ. ಒಳಗೆ ಮಲ್ಲಿಕಮ್ಮ ಕಪ್ಪು ತೆರೆಯ ಮುಂದೆ ಕುಳಿತಿದ್ದಳು. ತೆರೆಯನ್ನು ತೋರಿಸಿದಳು, ನನ್ನನ್ನು ತೋರಿಸಿದಳು. ಆಮೇಲೆ ಎಡಗೈಯನ್ನು ತೆರೆಯ ಮೇಲ್ತುದಿಯಿಂದ ಕೆಳತುದಿಯವರೆಗೆ ಇಳಿಸಿದಳು. ಅಷ್ಟು ಬರೆದಿದ್ದಳು. ನನಗೆಂದು ಬರೆದಿದ್ದಳು.

"ಮತ್ತ ಬರಿ, ನಾ ಇಲ್ಲೇ ಕುಂತೀನಿ" ಎಂದು ಮೇನ್ ಏರಿಸಿದೆ. ಅವಳು ಒಂದು ಅಕ್ಷರ ಒತ್ತಿದಳು, ಅಳಿಸಿದಳು, ಕೀಬೋರ್ಡನ್ನು ದೂಡಿದಳು. ಮತ್ತೆ ಅದನ್ನು ಮುಟ್ಟಲಿಲ್ಲ. ಆ ಮಳೆಗಾಲವನ್ನೂ ದಾಟಲಿಲ್ಲ.

ಏನು ಬರೆದಿದ್ದಳು? ಬೈದಿದ್ದಳೇ? ಬೈಯಲು ಕಾರಣಗಳಿದ್ದವು, ಸಭೆಯಲ್ಲಿ ಹೇಳುವಂಥವಲ್ಲ. ಅಥವಾ ಎಲ್ಲ ಮರೆತೆ ಎಂದಿದ್ದಳೇ? ಆ ಪೆನ್‌ಡ್ರೈವನ್ನು ಯಾದಗಿರಿಯವರೆಗೂ ಒಯ್ದು ತಿಳಿದವರಿಗೆ ತೋರಿಸಿದೆ. "ಉಳಿಸಲಾರದ್ದು ಎಲ್ಲಿಂದ ಬರಬೇಕ್ರಿ ಸರ?" ಎಂದರು. ಸಭಿಕರೇ, ನನಗೆ ಬೇರೆ ಯಾವ ಆಸೆಯೂ ಇಲ್ಲ. ಆ ಒಂದು ಪುಟ ಓದಬೇಕಿತ್ತು.

ಇರಲಿ, ವಿಷಯಕ್ಕೆ ಬರುತ್ತೇನೆ. ಇಲ್ಲಿನ ಯಂತ್ರಗಳಿಗೆ ಲುಬುಂಟು ಎಂಬ ಲಿನಕ್ಸ್ ಹಾಕಿದ್ದೇನೆ. ಹಗುರವಿದೆ, ಕನ್ನಡ ಬರುತ್ತದೆ, ಹಾರ್ಡ್ ಡಿಸ್ಕಿನ ಮೇಲೆ ಕೂರುತ್ತದೆ. ಬರೆಯುತ್ತಿದ್ದಂತೆ ಆಗಾಗ ತಾನೇ ಉಳಿಸುವ ಹಾಗೆ ಹೊಂದಿಸಿದ್ದೇನೆ. ಮನೆಯ ಯಂತ್ರಕ್ಕೂ ಹೊಸ ಡಿಸ್ಕು ಹಾಕಿ ಅದನ್ನೇ...

ಬಾಗಿಲ ಬಳಿ ಎದ್ದು ನಿಂತವರು ಯಾರು? ಹಜರಾಬೀ ಅಕ್ಕಾ? ನೀವು ಮಗಳ ಮನಿಗೆ ಕಡೇಚೂರಿಗೆ ಹೋಗೀರಿ ಅಂತ ತಿಳಿದಿದ್ದೆನಲ್ಲರಿ. ಯಾವಾಗ ಬಂದ್ರಿ? ಕುಂದ್ರಿ ಅಕ್ಕಾ, ಅಳಬ್ಯಾಡ್ರಿ. ನಿಮಗೇನು ಗೊತ್ತಿತ್ತು? ಆಕಿಗೆ ಗಂಜಿ ಕುಡಿಸಿದವರು ನೀವು, ತಲಿ ಬಾಚಿದವರು ನೀವು. ನಾಳೆ ಗುಡುಗಿದರೂ ನೀವೇ ಬಂದು ಮೇನ್ ಇಳಸ್ರಿ. ಈಗ ಹಾಕಿದ್ದು ಚಲೋ ಅದ ಅಕ್ಕಾ, ಬರೆದದ್ದು ಉಳೀತದ. ಬರಿಯೋರು ಇಲ್ಲ, ಅಷ್ಟೇ.

ಅಕ್ಕ ಹೊರಟೇಬಿಟ್ಟರು. ಅಧ್ಯಕ್ಷರೇ, ನನ್ನ ಹತ್ತು ನಿಮಿಷ ಮುಗಿದಿದೆಯೋ ಇಲ್ಲವೋ, ನಾನು ಅವರ ಹಿಂದೆ ಹೋಗಬೇಕು. ಕರೆಸಿ, ಕೂರಿಸಿ, ಕೇಳಿಸಿಕೊಂಡ ನಿಮ್ಮೆಲ್ಲರಿಂದ ಉಪಕಾರವಾಯಿತು. ನಮಸ್ಕಾರ.