ಮೇಜಿನ ಕೆಳಗಿನ ಪೆಡಲ್

ಕಾಮೋಠೆಯ ನಮ್ಮ ಕನ್ನಡ ಸಂಘದ ಅಧ್ಯಕ್ಷರಾದ ಸರ್ವೋತ್ತಮಣ್ಣನವರೇ, ವೇದಿಕೆಯ ಗಣ್ಯರೇ, ಮೂರನೆಯ ಸಾಲಿನಲ್ಲಿ ಈಗಲೇ ನಗಲು ಶುರು ಮಾಡಿರುವ ಬೇಲಾಪುರದ ಆಫೀಸಿನವರೇ, ಪ್ರೀತಿಯ ಸಭಿಕರೇ,

ಸನ್ಮಾನ ನನ್ನ ಹೆಂಡತಿ ನಳಿನಾಕ್ಷಿಗೆ, ಮಾತು ಮಾತ್ರ ನನಗೆ. 'ಎರಡೇ ನಿಮಿಷ ದಯಾನಂದ' ಎಂದು ಅಧ್ಯಕ್ಷರು ಹೇಳಿದ್ದಾರೆ. ಮೂವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕುಳಿತವನು ನಾನು. ಎರಡು ನಿಮಿಷದಲ್ಲಿ ಬರುತ್ತದೆ ಎಂದ ದೋಸೆ ಎಷ್ಟು ಹೊತ್ತಿಗೆ ಬರುತ್ತದೆಂದು ನಿಮಗೆ ಗೊತ್ತೇ ಇದೆ.

ನಳಿನಾಕ್ಷಿಯ ಕೆಲಸವೇನು? ಡಾಕ್ಟರರು ರೋಗಿಯ ವಿವರವನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಇವಳು ಅದನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪ್ ಮಾಡುತ್ತಾಳೆ. ಹದಿನೇಳು ವರ್ಷ ಲೋಕಲ್ ಟ್ರೇನಿನಲ್ಲಿ ಬೇಲಾಪುರದ ಆಫೀಸಿಗೆ ಹೋಗಿ ಮಾಡಿದಳು. ಕಳೆದ ವರ್ಷ ಮೊಣಕಾಲಿನ ಆಪರೇಷನ್ ಆಯಿತು, ಸ್ಟೇಷನ್ನಿನ ಮೆಟ್ಟಿಲು ಹತ್ತಲಾಗಲಿಲ್ಲ. ಕಂಪನಿಯವರು, 'ಒಂದು ತಿಂಗಳು ಮನೆಯಿಂದ ಮಾಡಿ ನೋಡಿ, ರಿಪೋರ್ಟು ತಡವಾದರೆ ಮತ್ತೆ ಆಫೀಸಿಗೇ ಬರಬೇಕು' ಎಂದರು. ಬರಲಾಗದಿದ್ದರೆ? ಕೆಲಸ ಬಿಡಬೇಕು, ಅಷ್ಟೇ.

ಆಫೀಸಿನವರ ತಮಾಷೆ ಅಂದೇ ಶುರು. ಅಗೋ, ಆ ಪೂಜಿತಾ, ಈಗ ತಲೆ ತಗ್ಗಿಸಿದ್ದಾಳೆ! 'ಅಕ್ಕಾ, ಕುಕ್ಕರಿನ ಸೀಟಿಯನ್ನು ರೋಗಿಯ ಎದೆಯ ಶಬ್ದ ಅಂತ ಬರೆದುಬಿಡಬೇಡಿ' ಎಂದಿದ್ದಳು. ಹುಲಗಪ್ಪ ದಿನಾ ಬೆಳಗ್ಗೆ ಆಫೀಸಿನವರ ಮೊಬೈಲ್ ಗ್ರೂಪಿನಲ್ಲಿ ಕೇಳುತ್ತಿದ್ದ: 'ಅಕ್ಕಾರ, ಬೆಡ್‌ರೂಮಿಂದ ಹಾಲಿಗೆ ಬರೋ ಲೋಕಲ್ ಇವತ್ತ ಎಷ್ಟ್ ಲೇಟ್ ಐತ್ರಿ?' ನಾನೂ ನಕ್ಕೆ. ನಕ್ಕವನು ಮಾಡಿದ್ದೇನು?

ನಾನಿದ್ದ ಹೋಟೆಲು ಮುಚ್ಚಿ ಆಗ ನಾಲ್ಕು ತಿಂಗಳು. ಅಭ್ಯಾಸಬಲ, ಬೆಳಗ್ಗೆ ಐದಕ್ಕೇ ಎಚ್ಚರವಾಗುತ್ತದೆ, ಹೋಗಲು ಎಲ್ಲೂ ಇಲ್ಲ. ಇರಲಿ, ಅದು ಬೇರೆ ವಿಷಯ. ಹೊತ್ತು ಹೋಗದೆ ಮನೆ ಸ್ವಚ್ಛ ಮಾಡುತ್ತಿದ್ದೆ. ಆ ತಿಂಗಳಲ್ಲೇ ಒಂದು ದಿನ ಹಳೆಯ ಕರೆಂಟಿನ ಹೊಲಿಗೆ ಯಂತ್ರವನ್ನು ಗುಜರಿಯವನಿಗೆ ಕೊಟ್ಟೆ. ಅವನು ಇಳಿದು ಹೋದ ಮೇಲೆ ನೋಡುತ್ತೇನೆ, ಮೇಜಿನ ಕೆಳಗೆ ಅದರ ಪೆಡಲ್ ಉಳಿದಿದೆ! ಪಾಪ, ಅವನಿಗೆ ಮೋಸವಾಗಬಾರದೆಂದು ನಾಲ್ಕು ಮಹಡಿ ಇಳಿದು, ಓಡಿ, ಕೂಗಿ ನಿಲ್ಲಿಸಿ ಕೊಟ್ಟು ಬಂದೆ. ಎಂಥ ಧರ್ಮಿಷ್ಠ ನಾನು!

ಸ್ನಾನ ಮುಗಿಸಿ ಬಂದ ನಳಿನಾಕ್ಷಿ ಕುರ್ಚಿಯಲ್ಲಿ ಕೂತು ಕಾಲಿನಿಂದ ನೆಲ ತಡವಿದಳು. 'ಎಂತ ಮಾಡಿದ್ರಿ ಮಾರಾಯ್ರೆ!' ಅದು ಅವಳ ಕಂಪನಿಯ ಪೆಡಲ್. ಡಾಕ್ಟರರ ಮಾತನ್ನು ನಿಲ್ಲಿಸಲು, ಹಿಂದಕ್ಕೆ ಓಡಿಸಲು ಅದನ್ನೇ ಒತ್ತಬೇಕು. ಕೈ ಟೈಪ್ ಮಾಡುವಾಗ ಅವಳ ಕಾಲೂ ದುಡಿಯುತ್ತದೆ ಎಂದು ಹದಿನೇಳು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿ ತಿಳಿದಿರಲಿಲ್ಲ. ನನಗೆ ಇವತ್ತಿಗೂ ಅದರ ನಾಚಿಕೆಯಿದೆ.

ಗುಜರಿಯವನು ಅಷ್ಟರಲ್ಲಿ ಹೋಗಿಯಾಗಿತ್ತು. ಅವಳು ಕೀಲಿಮಣೆಯಲ್ಲೇ ನಿಲ್ಲಿಸಿ, ಓಡಿಸಿ, ಮತ್ತೆ ನಿಲ್ಲಿಸಿ ಟೈಪ್ ಮಾಡಿದಳು. ಸುದ್ದಿ ಕೇಳಿ ಗ್ರೂಪಿನವರೆಲ್ಲ ಬಿದ್ದು ಬಿದ್ದು ನಕ್ಕರು. ನಗುತ್ತಲೇ ಪೂಜಿತಾ ಅರ್ಧ ರಿಪೋರ್ಟುಗಳನ್ನು ತಾನೇ ಎಳೆದುಕೊಂಡಳು. ಹುಲಗಪ್ಪ ಊಟ ಬಿಟ್ಟು, ಬಸ್ಸು ಹಿಡಿದು ಬೇರೆ ಪೆಡಲ್ ತಂದ. 'ಜ್ವಾಕಿರಿ ಅಣ್ಣಾರ, ಇದನ್ನೂ ಕೊಟ್ರ ಮೇಜಿನ ಕೆಳಗ ನಾನಽ ಕುಂದರಬೇಕಾಕ್ಕೈತಿ!' ಜೊತೆಗೆ ಆಫೀಸಿನಲ್ಲಿ ಪ್ರಿಂಟ್ ಹಾಕಿಸಿದ ಒಂದು ಕಟ್ಟು ಅಂಟುಚೀಟಿ: 'ಇದು ಗುಜರಿಗಲ್ಲ.' ಪೆಡಲಿಗೆ, ಕುರ್ಚಿಗೆ, ನಮ್ಮ ಮಿಕ್ಸಿಗೂ ಅಂಟಿಸಿ ಹೋದ.

ಸಂಜೆ ಆರಕ್ಕೆ ಎಲ್ಲ ರಿಪೋರ್ಟು ಹೋಯಿತು, ಒಂದೂ ತಡವಾಗಲಿಲ್ಲ. ತಿಂಗಳು ಮುಗಿಯಿತು, ಕೆಲಸ ಉಳಿಯಿತು. ಈ ವರ್ಷ ಇಡೀ ಕಂಪನಿಯಲ್ಲಿ ಅತಿ ಕಡಿಮೆ ತಪ್ಪು ಯಾರದ್ದು? ಇವಳದ್ದು! ಹೆಮ್ಮೆಯಿಂದ ಹೇಳುತ್ತೇನೆ, ಇವಳದ್ದು! ಈಗ ಮನೆಯಲ್ಲಿರುವ ಅವಳ ಆಫೀಸಿನ ಕ್ಯಾಂಟೀನು ನನ್ನದು. ಹನ್ನೊಂದಕ್ಕೆ ಚಹಾ, ಒಂದಕ್ಕೆ ಊಟ, ಅಡುಗೆಮನೆಯ ಬಾಗಿಲು ತಟ್ಟಿಯೇ ಹಾಲಿಗೆ ಕಾಲಿಡುತ್ತೇನೆ.

ಇಂದು ಹೊರಡುವಾಗ ನಳಿನಾಕ್ಷಿ ನನ್ನ ಅಂಗಿಯ ಜೇಬು ಸರಿಮಾಡಿದಳು. ಇಲ್ಲಿಗೆ ಬಂದು ಕೂತ ಮೇಲೆ ನೋಡುತ್ತೇನೆ, ಜೇಬಿನ ಮೇಲೆ ಆ ಕಟ್ಟಿನ ಕೊನೆಯ ಚೀಟಿ. ಹಿಂದಿನ ಸಾಲಿನವರಿಗೆ ಕಾಣದಿದ್ದರೆ ಓದಿ ಹೇಳುತ್ತೇನೆ: 'ಇದು ಗುಜರಿಗಲ್ಲ.'

ಹೋಟೆಲು ಮುಚ್ಚಿದ ಮೇಲೆ ಬೆಳಗ್ಗೆ ಐದಕ್ಕೆ ಎದ್ದು ನನ್ನ ಬಗ್ಗೆ ನಾನೇ ಏನು ಯೋಚಿಸುತ್ತಿದ್ದೆನೆಂದು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಆದರೆ ಕೇಳುವುದೇ ಅವಳ ಕೆಲಸವಲ್ಲವೇ? ಕೇಳಿಸಿಕೊಂಡಿದ್ದಾಳೆ.

ಚೀಟಿ ಅಲ್ಲೇ ಇರಲಿ. ಆಫೀಸಿನವರಿಗೆ, ಸಂಘಕ್ಕೆ, ನಿಮಗೆಲ್ಲ ನನ್ನ ಧನ್ಯವಾದ. ನಳಿನಾಕ್ಷಿ, ನಿನಗೂ. ನಮಸ್ಕಾರ.