ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ

...ಅಲ್ಲ ಅಕ್ಕ, ಮಾರೋ ಮಾತು ಆಮೇಲೆ. ಮೊದಲು ಕೂತ್ಕೋ. ಆ ಸ್ಟೂಲ್ ಬೇಡ, ಗ್ರೀಸ್ ಮೆತ್ಕೊಂಡಿದೆ, ಈ ಕಡೆ... ಹ್ಞಾಂ. ನೋಡು ನಿನ್ನ ಗಾಡೀನ. ಹೊಸ ಪಿಸ್ಟನ್, ಹೊಸ ಸಿಲಿಂಡರ್, ಸೊಟ್ಟಗಾಗಿದ್ದ ಹ್ಯಾಂಡಲ್ ನೆಟ್ಟಗೆ ಮಾಡಿದ್ದೀನಿ. ಒಂದೂವರೆ ತಿಂಗಳಿಂದ ಬೇರೆಯವರ ಗಾಡಿ ಮುಟ್ಟೇ ಇಲ್ಲ ಅಂದ್ರೂ ನಡೆಯುತ್ತೆ. ಇಷ್ಟೆಲ್ಲ ಮಾಡಿದ ಮೇಲೆ ಬಂದು ಮಾರಿಬಿಡು ಅಂತೀಯಲ್ಲ, ಚೆನ್ನಾಗಿದೆ ಕಣೇ.

ಇನ್ನು ಉಳಿದಿರೋದು ಒಂದೇ, ಫ್ಯುಯೆಲ್ ಟ್ಯೂನರ್. ಮೂರು ತರಿಸಿದ್ದೀನಿ, ನೀನೇ ಆರಿಸು. ...ಯಾಕೆ ಹಾಗೆ ನೋಡ್ತೀಯ? ಇದೆಲ್ಲ ನನ್ನ ತಲೆಗೆ ಹೋಗಲ್ಲ ಅಂತ ನೆಪ ಹೇಳಬೇಡ. ನನಗೆ ಕ್ಲಚ್ ಬಿಡೋದು ಕಲಿಸಿದವಳೇ ನೀನು. ಕೇಳು, ಸೈಲೆನ್ಸರ್ ಬದಲಾಯಿಸಿದ್ವಿ, ಹೊಗೆ ಸಲೀಸಾಗಿ ಹೊರಗೆ ಹೋಗುತ್ತೆ. ಏರ್ ಫಿಲ್ಟರ್ ಬದಲಾಯಿಸಿದ್ವಿ, ಗಾಳಿ ಧಾರಾಳವಾಗಿ ಒಳಗೆ ಬರುತ್ತೆ. ಪೆಟ್ರೋಲ್? ಮೊದಲು ಎಷ್ಟಿತ್ತೋ ಅಷ್ಟೇ. ನಾಲ್ಕು ಜನರ ಅಡುಗೆಗೆ ಹತ್ತು ಜನ ಪಂಕ್ತಿ ಕೂತ ಹಾಗೆ. ಇಂಜಿನ್ ಕಾದು ಕಾದು... ಅದಕ್ಕೇ ಟ್ಯೂನರ್. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬಡಿಸುತ್ತೆ.

ಇದು ಚಿಕ್ಕದು. ಸೆನ್ಸರ್‌ಗೆ ಸುಳ್ಳು ಹೇಳಿ ಒಂದಿಷ್ಟು ಜಾಸ್ತಿ ಬಿಡಿಸುತ್ತೆ, ಏರಾ ಇಳಿಜಾರಾ ಅಂತ ನೋಡಲ್ಲ. ಬೇಡ. ಇದು ಎರಡನೇದು. ಇದಕ್ಕೆ ಕಂಪ್ಯೂಟರ್‌ನಿಂದ ಮ್ಯಾಪ್ ಹಾಕಬೇಕು, ಯಾವ ವೇಗಕ್ಕೆ ಎಷ್ಟು ಪೆಟ್ರೋಲ್ ಅನ್ನೋ ಪಟ್ಟಿ. ಸೈಲೆನ್ಸರ್ ಮಾತ್ರ ಬದಲಾಗಿದ್ರೆ ಒಂದು ಮ್ಯಾಪ್, ಫಿಲ್ಟರೂ ಬದಲಾಗಿದ್ರೆ ಇನ್ನೊಂದು. ಅದರದ್ದು ಇದಕ್ಕೆ ಹಾಕಿದ್ರೆ... ಬಿಡು, ಯಾರು ಹಾಕ್ತಾರೆ. ಮೂರನೇದು ನೋಡು, ಇದು ರಾಜ. ತಾನೇ ಕಲಿಯುತ್ತೆ. ಪೆಟ್ರೋಲ್ ಕಮ್ಮಿ ಬಿತ್ತು ಅಂತ ಹೊಗೆಯ ಮೇಲೇ ಕಂಡುಹಿಡಿದು ತಾನೇ ತಿದ್ಕೊಳ್ಳುತ್ತೆ. ಮೆಕ್ಯಾನಿಕ್ ಎಷ್ಟೇ ದಡ್ಡನಾದ್ರೂ ಇದು ಕಾಪಾಡುತ್ತೆ. ಈ ಸಲ ಇದನ್ನೇ ಹಾಕೋಣ.

ಏನು? ...ಏನೂ ಅನ್ನಲಿಲ್ವಾ. ಏನೋ ಅಂದೆ ಅಂದ್ಕೊಂಡೆ.

ಭಾವ ಹೇಗಿದ್ದಾರೆ? ಮಂಡಿ ಮಡಚ್ತಾರಾ? ಹೊಲಿಗೆ ಮೆಷಿನ್ ತುಳಿಯೋಕೆ ಇನ್ನೆಷ್ಟು ದಿನ ಅಂದ್ರು ಡಾಕ್ಟರು? ...ಹಾಗೆ ತಲೆ ಅಲ್ಲಾಡಿಸಬೇಡ. ತುಳೀತಾರೆ. ನೀನು ದಿನಾ ಅವರ ಮುಂದೆ ಕೂತು, ನನ್ನಿಂದಲೇ ಹೀಗಾಯ್ತು ಅಂತ ಅಳ್ತೀಯಂತೆ. ಅಮ್ಮ ಹೇಳಿದ್ಳು. ಯಾಕಕ್ಕ? ತಿರುವಿನಲ್ಲಿ ಹಿಂದಿನ ಬ್ರೇಕ್ ಜೋರಾಗಿ ತುಳಿದೆ, ಚಕ್ರ ಕಚ್ಕೊಳ್ತು, ಇಬ್ಬರೂ ಬಿದ್ರಿ. ಆನೆಯಂಥದೇ ಮುಗ್ಗರಿಸುತ್ತಂತೆ, ನೀನು ಯಾವ ಲೆಕ್ಕ.

...ಮತ್ತೆ ಟ್ಯೂನರ್‌ಗಳನ್ನೇ ಯಾಕೆ ನೋಡ್ತಿದ್ದೀಯ? ಹೌದು, ಹಳೇದು ಗಾಡೀಲೇ ಇದೆ. ಚೆನ್ನಾಗೇ ಇದೆ. ಅದಕ್ಕೇನೂ ಆಗಿಲ್ಲ. ...ಬ್ರೇಕ್ ತುಳಿದ ತಪ್ಪಿಗೆ ಟ್ಯೂನರ್ ಯಾಕೆ ಬದಲಾಯಿಸ್ತೀಯ ಅಂತ ತಾನೇ? ಬಾಯಿಬಿಟ್ಟು ಕೇಳಿಬಿಡು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನೀನು ಕಳ್ಳ ಅಂತ ಕೂಡ ಅನ್ನಲಿಲ್ಲ, ನಾನಾಗೇ ಮೂರು ಟ್ಯೂನರ್ ತಂದು ಮುಂದೆ ಇಟ್ಟಿದ್ದೀನಿ.

ನೀನು ಬ್ರೇಕ್ ತುಳೀಲಿಲ್ಲ ಅಕ್ಕ. ಆಸ್ಪತ್ರೆಯಲ್ಲೂ ಅದನ್ನೇ ಹೇಳಿದ್ದೆ, ತುಳಿದ ನೆನಪೇ ಇಲ್ಲ ಅಂತ. ತುಳಿದಿರ್ತೀಯ, ಗಾಬರೀಲಿ ಮರೆತಿದ್ದೀಯ ಅಂತ ನಾನೇ ನಿನ್ನ ತಲೆಗೆ ತುಂಬಿದೆ. ಇಂಜಿನ್ ಕಾದು ಪಿಸ್ಟನ್ ಕಚ್ಕೊಂಡಿತ್ತು, ಅದಕ್ಕೇ ಚಕ್ರ ತಿರುಗದೆ ನಿಂತಿದ್ದು. ಬಿದ್ದ ಏಟಿಗೆ ಪಿಸ್ಟನ್ ಹೋಯ್ತು ಅಂದಿದ್ದೂ ಸುಳ್ಳು. ನನ್ನ ಗಾಡಿಯ ಮ್ಯಾಪನ್ನೇ ನಿನ್ನದಕ್ಕೂ ಹಾಕಿದ್ದೆ. ನನ್ನದರಲ್ಲಿ ಇನ್ನೂ ಹಳೇ ಫಿಲ್ಟರು, ಆ ಮ್ಯಾಪಿನ ಪೆಟ್ರೋಲ್ ನಿನ್ನದಕ್ಕೆ ಸಾಲಲ್ಲ. ಗಾಡೀನ ಟೆಸ್ಟ್ ಮಾಡೋ ಮೆಷಿನ್ ಮೇಲೆ ನಿಲ್ಲಿಸಿ ಪೆಟ್ರೋಲ್ ಅಳತೆ ನೋಡಲ್ವಾ ಅಂತ ನೀನು ಕೇಳಿದ್ದಕ್ಕೆ, ನನ್ನ ಕಿವೀನೇ ಮೆಷಿನ್ ಅಂದೆ. ದೊಡ್ಡ ಮನುಷ್ಯ.

ಬಿದ್ದ ಗಾಡಿ ಇಲ್ಲಿಗೆ ಬಂದಾಗ ಇಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡ್ತೀನಿ, ಸುಣ್ಣದ ಹಾಗೆ ಬೆಳ್ಳಗಿತ್ತು. ಪೆಟ್ರೋಲ್ ಸಾಲದೆ ಬೆಂದ ಪ್ಲಗ್ ಹಾಗೇ ಇರೋದು. ಅದನ್ನ ಎಸೆದೆ. ಬೇರೆ ಗಾಡಿಯ ಕಂದು ಪ್ಲಗ್ ಸಿಕ್ಕಿಸಿ ಭಾವನ ತಮ್ಮನಿಗೆ ತೋರಿಸಿದೆ, ನೋಡಿ, ಇಂಜಿನ್ ತಪ್ಪೇನೂ ಇಲ್ಲ ಅಂತ.

ಅಷ್ಟೇ. ಇನ್ನೇನೂ ಇಲ್ಲ. ಆ ಪ್ಲಗ್ ನೋಡಿದ ಮೇಲೇ ನನಗೂ ಗೊತ್ತಾಗಿದ್ದು, ಅಲ್ಲಿವರೆಗೂ ನಿಜವಾಗ್ಲೂ... ಮಾತಾಡಕ್ಕ. ಬೈ. ಕೆನ್ನೆಗೆ ಎರಡು ಬಿಡು, ಚಿಕ್ಕವನಿದ್ದಾಗ ಬಿಡ್ತಿದ್ದೆಯಲ್ಲ.

ಫೋನ್ ಯಾಕೆ? ಭಾವನಿಗಾ? ಮಾಡು, ನಾನೇ ಹೇಳ್ತೀನಿ ಅವರಿಗೆ... ನನ್ನ ಕಡೆ ಯಾಕೆ ಹಿಡೀತೀಯ?

...ಇದು ಆವತ್ತಿನ ಮಿಸ್ಡ್ ಕಾಲ್. ನನ್ನ ನಂಬರ್. ನಾಲ್ಕು ಗಂಟೆ ಹತ್ತು ನಿಮಿಷ. ನೀವು ಬಿದ್ದಿದ್ದು ನಾಲ್ಕೂವರೆಗೆ.

ಯಾಕೆ ಮಾಡಿದ್ದೆ ಅಂತ ನೀನು ಒಂದು ಸಲವೂ ಕೇಳಲಿಲ್ಲ. ನೀನು ನೋಡೇ ಇಲ್ಲ ಅಂದ್ಕೊಂಡಿದ್ದೆ.

ಏರಿನ ಬುಡದಲ್ಲಿ ನೀರು ಕುಡಿಯೋಕೆ ನಿಂತು ಫೋಟೋ ಕಳಿಸಿದ್ದೆಯಲ್ಲ, ಭಾವ ನಿನ್ನ ಹೆಲ್ಮೆಟ್ ಹಾಕ್ಕೊಂಡು ಹಲ್ಲು ಕಿರೀತಿದ್ರು. ಅದು ಬಂದಾಗ ನಾನು ಕಂಪ್ಯೂಟರ್ ಮುಂದೆ ಕೂತಿದ್ದೆ. ಮ್ಯಾಪ್ ತಪ್ಪಾಗಿರೋದು ಕಣ್ಣಿಗೆ ಬಿದ್ದಿತ್ತು. ಏರು ಹತ್ತಬೇಡಿ, ಅಲ್ಲೇ ಇರಿ, ನಾನು ಬರ್ತೀನಿ ಅಂತ ಹೇಳೋಕೇ ಮಾಡಿದ್ದು. ಆದರೆ ಭಾವ ನಗ್ತಾರೆ, ಎಲ್ಲರ ಮುಂದೆ ಹೇಳ್ಕೊಂಡು ನಗ್ತಾರೆ... ಸಂಜೆ ನೀವು ಬಂದ ಮೇಲೆ ಸದ್ದಿಲ್ಲದೆ ಸರಿ ಮಾಡಿದ್ರಾಯ್ತು ಅಂತ...

ಒಂದು ರಿಂಗ್ ಆಯ್ತು ಅಕ್ಕ. ನೀನು ಎತ್ತಿಬಿಡ್ತೀಯ ಅಂತ ಹೆದರಿ ಕಟ್ ಮಾಡಿದೆ.