ಬೆನ್ನ ಹಿಂದಿನ ಕೂಗು

ಓಸ್ಕೆಮೆನ್ ನಗರದ ಬಸ್ಸಿನಲ್ಲಿ ಕುಲ್ಯಾಶ್‌ಳ ಮುಂದಿನ ಸೀಟಿನಲ್ಲಿ ಕೂತವನು ಊರಿಗೆಲ್ಲ ಗೊತ್ತಿದ್ದವನೇ. ಐಸ್ ಹಾಕಿ ತಂಡದಲ್ಲಿ ಎಡ ಅಂಚಿನಲ್ಲಿ ಆಡುವ ಯೆರ್ಮೆಕ್. ಪಕ್ಕದಲ್ಲಿದ್ದವಳು ಝಾನಾರ್, ಸಾಬಿತ್‌ನ ಹೆಂಡತಿ. ಯೆರ್ಮೆಕ್‌ನ ಜೋಡಿಯಾಗಿ ವರ್ಷಗಟ್ಟಲೆ ಆಡಿದ್ದ ಸಾಬಿತ್, ಹೋದ ಚಳಿಗಾಲ ಹೆಪ್ಪುಗಟ್ಟಿದ ಜಲಾಶಯದ ಮೇಲೆ ಮೀನು ಹಿಡಿಯುವಾಗ ಮಂಜುಗಡ್ಡೆ ಬಿರಿದು ಮುಳುಗಿಹೋಗಿದ್ದ.

“ಆಟ ಬಿಟ್ಬಿಡ್ತೀನಿ ಅತ್ತಿಗೆ. ಇವತ್ತೇ ಕೋಚ್‌ಗೆ ಹೇಳ್ತೀನಿ.”

“ಇಷ್ಟು ಬೇಗ ಮುದುಕ ಆದ್ಯಾ? ಮಂಡಿ ನೋವಾ?”

“ಮಂಡಿ ಗಟ್ಟಿಯಾಗೇ ಇದೆ. ಮೊನ್ನೆ ಖಾಲಿ ಜಾಗಕ್ಕೆ ಪಾಸ್ ಕೊಟ್ಟೆ. ಎದುರಾಳಿ ಎತ್ಕೊಂಡು ಹೋಗಿ ಗೋಲ್ ಹೊಡ್ದ.”

“ನೋಡ್ದೆ. ಕುಡಿದಿದ್ದಾನೆ ಅಂದ್ರು ಜನ.”

“ಕುಡಿದಿರ್ಲಿಲ್ಲ. ಅವನು ಕೂಗ್ದ.”

ಹಿಂದಿನ ಸೀಟಿನಲ್ಲಿ ಉಣ್ಣೆ ಹೆಣೆಯುತ್ತಿದ್ದ ಕುಲ್ಯಾಶ್‌ಳ ಕಡ್ಡಿಗಳು ನಿಂತವು.

“ಯಾರು?” ಝಾನಾರ್ ಕೇಳಿದಳು.

“ಯಾರು ಅಂತ ನಿಮಗೂ ಗೊತ್ತು. ಬೆನ್ನ ಹಿಂದೆ ಸ್ಕೇಟ್ ಸದ್ದು ಬರುತ್ತೆ. ಆಮೇಲೆ ‘ಲೋ, ಇಲ್ಲಿದ್ದೀನಿ, ಕೊಡೋ’ ಅಂತಾನೆ. ತಿರುಗಿ ನೋಡೋ ಮುಂಚೆ ಕೈ ಪಾಸ್ ಕೊಟ್ಟೇಬಿಡುತ್ತೆ.”

“ಪ್ರತಿ ಆಟದಲ್ಲೂ?”

“ಐಸಿಗೆ ಇಳಿದಾಗೆಲ್ಲ.”

“ಮನೇಲಿ ನಂಗೇನೂ ಕೇಳ್ಸಲ್ಲ ಯೆರ್ಮೆಕ್. ಉಸಿರು ಬಿಗಿಹಿಡಿದು ಕಾಯ್ತೀನಿ. ಅವನ ದನಿ ಹೇಗಿತ್ತು ಅನ್ನೋದೇ ಮರೆತುಹೋಗ್ತಾ ಇದೆ.”

“ಅತ್ತಿಗೆ...”

“ಬಿಡ್ಬೇಡ್ವೋ. ಇದೊಂದು ವರ್ಷ ಆಡು.”

“ಉಗಿದು ಓಡಿಸ್ತಾರೆ ನನ್ನ.”

“ಉಗೀಲಿ. ನೀನು ಬಿಟ್ರೆ ಅವನು ಇನ್ಯಾರನ್ನ ಕೂಗ್ತಾನೆ?”

ಕ್ರೀಡಾಂಗಣದ ನಿಲ್ದಾಣ ಬಂತು. ಯೆರ್ಮೆಕ್ ಏಳಲಿಲ್ಲ. ಝಾನಾರ್ ಅವನ ಸ್ಕೇಟ್ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು ಇಳಿದಳು. ಬಾಗಿಲು ಮುಚ್ಚುವ ಮುನ್ನ ಅವನೂ ತಲೆ ತಗ್ಗಿಸಿಕೊಂಡು ಅವಳ ಹಿಂದೆ ಇಳಿದ.